ಮೂರನೆಯ ಕಪ್ಪಿನಲ್ಲಿ ಬೀಳುವ ಚಮಚ

“ಈಗ ಕೊಡು,” ಎಂದರು ಸರ್ಜನ್. ನಾನು ಪರೀಕ್ಷಾ ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಹಸಿರು ಬಟ್ಟೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೈಯ ಹೆಬ್ಬೆರಳು ನಿಧಾನವಾಗಿ ಎದ್ದು ಬಂದು ತೋರುಬೆರಳಿನ ಪಕ್ಕಕ್ಕೆ ಒತ್ತಿ ನಿಂತಿತು. ಬೀಗದ ಕೈ ಹಿಡಿಯುವಾಗ ಹಿಡಿಯುತ್ತೇವಲ್ಲ, ಹಾಗೆ.

“ಇಲ್ಲೇ ಹೊಲಿಯುತ್ತೇನೆ,” ಎಂದರು.

ತೊಂಬತ್ತರ ದಶಕದ ಕೊನೆಯ ಮಾತು ಇದು. ತಿರುವನಂತಪುರದ ಒಂದು ವೈದ್ಯಕೀಯ ಸಂಸ್ಥೆಯಲ್ಲಿ ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದೆ. ಕಾಸರಗೋಡಿನಲ್ಲಿ ಬೀಡಿ ಕಟ್ಟುವ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಮ್ಮ ಊರವರಿಗೆಲ್ಲ “ಮಗಳಿಗೆ ಆಸ್ಪತ್ರೆಯಲ್ಲಿ ಕರೆಂಟಿನ ಕೆಲಸ” ಎನ್ನುತ್ತಿದ್ದಳು. ಫ್ಯಾನ್ ರಿಪೇರಿ ಇರಬೇಕೆಂದು ಅವರು ತಿಳಿದುಕೊಂಡಿದ್ದರು. ಕರೆಂಟು ಅಂತ ಅಮ್ಮ ಹೇಳಿದ್ದೇನೂ ಸುಳ್ಳಲ್ಲ.

ಮೇಜಿನ ಮೇಲಿದ್ದ ಕೈ ಒಬ್ಬ ಟೀ ಟೇಸ್ಟರರದ್ದು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಚಹಾ ಹರಾಜು ನಡೆಯುತ್ತದೆ. ಹರಾಜಿಗೆ ಮೊದಲು ಒಂದೊಂದು ತೋಟದ ಚಹಾವನ್ನೂ ಸಾಲಾಗಿ ಕಪ್ಪುಗಳಲ್ಲಿ ಇಟ್ಟು, ಚಮಚದಿಂದ ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ, ಉಗುಳಿ, ಬೆಲೆ ಹೇಳುವವರು ಇವರು. ಮಟ್ಟಾಂಚೇರಿಯ ಒಂದು ಗೋದಾಮಿನ ಮರದ ಮೆಟ್ಟಿಲಿನಿಂದ ಜಾರಿ ಬಿದ್ದು ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಕಾಲುಗಳು ಹೋದವು, ಬೆರಳುಗಳು ಹೋದವು. ಭುಜ ಉಳಿಯಿತು, ಮೊಣಕೈ ಮಡಚುವ ಶಕ್ತಿ ಉಳಿಯಿತು, ನಾಲಗೆಗಂತೂ ಏನೂ ಆಗಿರಲಿಲ್ಲ.

ಅವರ ಕಂಪನಿಯ ಹಿರಿಯ ಟೇಸ್ಟರ್ ಆಸ್ಪತ್ರೆಗೆ ಬಂದು ನೋಡಿದವರು ಒಂದು ಮಾತು ಹೇಳಿ ಹೋಗಿದ್ದರು. “ಗಾಲಿಕುರ್ಚಿಯಲ್ಲಿ ಬಂದರೂ ಅವನ ಜಾಗ ಉಂಟು. ಆದರೆ ಚಮಚ ಅವನೇ ಹಿಡಿಯಬೇಕು. ಇನ್ನೊಬ್ಬರು ಬಾಯಿಗೆ ಇಟ್ಟರೆ ಅದು ಔಷಧಿ, ಟೇಸ್ಟಿಂಗ್ ಅಲ್ಲ.” ಕೇಳುವಾಗ ಕಠೋರ ಅನ್ನಿಸಿತು. ಆಮೇಲೆ ಟೇಸ್ಟಿಂಗ್ ಕೋಣೆಯನ್ನು ಕಣ್ಣಾರೆ ಕಂಡಾಗ ಅವರು ಹೇಳಿದ್ದು ನಿಜವೆಂದು ಗೊತ್ತಾಯಿತು. ಅದ್ದುವುದು, ಹೀರುವುದು, ಉಗುಳುವುದು ಒಂದೇ ಉಸಿರಿನ ಕೆಲಸ. ನಡುವೆ ಬೇರೆಯವರ ಕೈ ಬಂದರೆ ಚಹಾ ತಣಿಯುತ್ತದೆ, ಲಯ ತಪ್ಪುತ್ತದೆ.

ನಾವು ಮಾಡಿದ್ದು ಇಷ್ಟು. ಬೆರಳುಗಳ ಸ್ನಾಯುಗಳಿಗೆ ಏನೂ ಆಗಿರಲಿಲ್ಲ, ಮಿದುಳಿನ ಅಪ್ಪಣೆ ಅಲ್ಲಿಗೆ ತಲುಪುತ್ತಿರಲಿಲ್ಲ. ಆ ಅಪ್ಪಣೆಯನ್ನು ನಾವು ಬೇರೆ ದಾರಿಯಲ್ಲಿ ಕಳಿಸಬೇಕು. ಗುಂಡಿಯಷ್ಟು ಚಿಕ್ಕ ಬಿಲ್ಲೆಗಳನ್ನು ಒಂದೊಂದು ಸ್ನಾಯುವಿನ ಮೇಲೂ ಹೊಲಿದು, ಅವುಗಳ ತಂತಿಗಳನ್ನು ಚರ್ಮದ ಅಡಿಯಲ್ಲೇ ತೋಳಿನುದ್ದಕ್ಕೂ ಎಳೆದು ತಂದು, ಎದೆಯ ಚರ್ಮದ ಕೆಳಗೆ ಹುದುಗಿಸಿದ ಒಂದು ಪುಟ್ಟ ಪೆಟ್ಟಿಗೆಗೆ ಜೋಡಿಸುವುದು. ಹೊರಗಿನಿಂದ ಎದೆಯ ಮೇಲೆ ಒಂದು ಸುರುಳಿಯನ್ನು ಟೇಪಿನಿಂದ ಅಂಟಿಸಿದರೆ, ಅದು ರೇಡಿಯೋ ಅಲೆಯ ಮೂಲಕ ಒಳಗಿನ ಪೆಟ್ಟಿಗೆಗೆ ಶಕ್ತಿಯನ್ನೂ ಅಪ್ಪಣೆಯನ್ನೂ ದಾಟಿಸುತ್ತದೆ. ಅಪ್ಪಣೆ ಕೊಡುವುದು ಎಡಭುಜ. ಎದೆಗೂ ಎಡಭುಜಕ್ಕೂ ನಡುವೆ ಅಂಟಿಸಿದ ಕಡ್ಡಿಯಂಥ ಒಂದು ಸೆನ್ಸರ್ ಭುಜದ ಚಲನೆಯನ್ನು ಓದುತ್ತದೆ. ಭುಜ ಮುಂದಕ್ಕೆ ಹೋದರೆ ಬಲಗೈ ತೆರೆಯುತ್ತದೆ, ಹಿಂದಕ್ಕೆ ಬಂದರೆ ಮುಚ್ಚುತ್ತದೆ. ಹಿಡಿತ ಸಿಕ್ಕ ಮೇಲೆ ಭುಜವನ್ನು ಒಮ್ಮೆ ಚಟಕ್ಕನೆ ಮೇಲೆ ಕುಣಿಸಿದರೆ ಹಿಡಿತಕ್ಕೆ ಬೀಗ ಬೀಳುತ್ತದೆ. ಇನ್ನೊಮ್ಮೆ ಕುಣಿಸಿದರೆ ಬೀಗ ತೆರೆಯುತ್ತದೆ. ಎರಡು ಸಲವೂ, ಇದನ್ನೆಲ್ಲ ನಡೆಸಲು ಸೊಂಟಕ್ಕೆ ಕಟ್ಟಿದ ಇನ್ನೊಂದು ಪೆಟ್ಟಿಗೆ ಮೆಲ್ಲಗೆ ‘ಪೀ’ ಎನ್ನುತ್ತದೆ.

ಸಾಧನ ಹೊರದೇಶದ್ದು, ಸರ್ಜನರ ಹಳೆಯ ಗುರುಗಳು ಪ್ರಯೋಗಕ್ಕೆಂದು ಕೊಡಿಸಿದ್ದು. ಇನ್ನೊಂದು ಸಿಗುವ ಹಾಗಿರಲಿಲ್ಲ.

ಆಪರೇಷನ್ ಮುಗಿಯುವ ಹೊತ್ತಿಗೆ ನನ್ನ ಕಾಲು ಮರಗಟ್ಟಿತ್ತು. ಬೆರಳು ಬಿಡಿಸುವ ಒಂದು ಸ್ನಾಯು ಎಷ್ಟು ಕರೆಂಟು ಕೊಟ್ಟರೂ ಅಲುಗಲಿಲ್ಲ. ಅದರ ನರವೇ ಸತ್ತಿತ್ತು. ಸರ್ಜನ್ ಪಕ್ಕದ ಒಂದು ಜೀವಂತ ಸ್ನಾಯುವಿನ ಎಳೆಯನ್ನು ಅಲ್ಲಿಗೆ ತಿರುಗಿಸಿ ಹೊಲಿದರು. ವಾರಗಟ್ಟಲೆ ಕೈ ಪ್ಲಾಸ್ಟರಿನಲ್ಲಿತ್ತು. ಆಮೇಲೆ ಶುರುವಾಯಿತು ಅಭ್ಯಾಸ.

ಅಭ್ಯಾಸ ಮಾಡಿಸಿದವರು ನಮ್ಮ ಥೆರಪಿಸ್ಟ್, ಮೈಸೂರಿನವರು. ಗಂಡನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸವಾದ್ದರಿಂದ ಇಲ್ಲಿಗೆ ಬಂದವರು. ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದರೂ ಅವರಿಗೆ ನನ್ನ ‘ಉಂಟು’ ಕೇಳಿದರೆ ನಗು, ನನಗೆ ಅವರ ‘ಏನ್ ಕಣೇ’ ಕೇಳಿದರೆ ನಗು. ಟೇಸ್ಟರರ ಜೊತೆ ಇಬ್ಬರದ್ದೂ ಮಲಯಾಳವೇ. ಅದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ನಮಗೆ ಚೇಟ್ಟ, ಅಂದರೆ ಅಣ್ಣ; ನಾವು ಅವರಿಗೆ ಮೋಳ್, ಅಂದರೆ ಮಗಳು.

ಮೊದಲು ಪೆನ್ನು, ಆಮೇಲೆ ಖಾಲಿ ಚಮಚ, ಆಮೇಲೆ ನೀರು. ಕೊನೆಗೆ ಕ್ಯಾಂಟೀನಿನ ಚಹಾ. ಅದನ್ನು ಮೊದಲ ಸಲ ಹೀರಿದಾಗ ಟೇಸ್ಟರ್ ಕಣ್ಣು ಮುಚ್ಚಿಕೊಂಡು ಕೂತರು.

“ಎಂತಾಯ್ತು ಚೇಟ್ಟಾ? ಕೈ ನೋಯ್ತದಾ?” ಎಂದೆ ಗಾಬರಿಯಿಂದ.

“ಕೈಗೆ ಏನೂ ಆಗ್ಲಿಲ್ಲ ಮೋಳೇ. ಈ ಚಹಾ ಮಾಡಿದವನನ್ನು ಪೊಲೀಸಿಗೆ ಕೊಡ್ಬೇಕು.”

ಪಕ್ಕದಲ್ಲಿದ್ದ ಅವರ ಹೆಂಡತಿ ನಕ್ಕು ಬಿಟ್ಟರು. ಅವರನ್ನು ನಾವು ಚೇಚ್ಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. “ಬಿದ್ದ ಮೇಲೆ ಇವತ್ತೇ ಇವರು ಮೊದಲ ಸಲ ಬೈದದ್ದು,” ಎಂದರು ನನ್ನ ಕಿವಿಯಲ್ಲಿ.

ಮಾತಾಡುವಾಗ ಚಮಚ ಹಿಡಿಯಬಾರದು, ಚಮಚ ಹಿಡಿದಾಗ ಮಾತಾಡಬಾರದು ಎಂಬುದು ಥೆರಪಿಸ್ಟರ ಕಟ್ಟಪ್ಪಣೆ. ದಿನಾ ಕ್ಯಾಂಟೀನಿನ ಚಹಾದ ಸಾಲಿನ ಮುಂದೆ ಟೇಸ್ಟರ್ ಶಿಕ್ಷೆ ಅನುಭವಿಸುವವರ ಮುಖ ಮಾಡಿಕೊಂಡು ಅದ್ದಿ ಹೀರಿದರು. ಚಮಚ ಬೀಳಲಿಲ್ಲ. ನಾವು ಕೊಚ್ಚಿಗೆ ಬರುತ್ತೇವೆಂದು ಕಂಪನಿಗೆ ತಿಳಿಸಿದೆವು. ಹಿರಿಯ ಟೇಸ್ಟರ್ ಒಂದು ವಾರದ ಅವಕಾಶ ಕೊಟ್ಟರು. ಮುಂದಿನ ಹರಾಜಿನ ಸಾಲನ್ನು ಇವರು ತಾವೇ ಟೇಸ್ಟ್ ಮಾಡಿ ಮುಗಿಸಿದರೆ ಕೆಲಸ ಗಟ್ಟಿ. ಇಲ್ಲದಿದ್ದರೆ ಆ ಜಾಗಕ್ಕೆ ಕುನೂರಿನಿಂದ ಬೇರೆಯವರು ಬರುತ್ತಾರೆ.

ಟೇಸ್ಟಿಂಗ್ ಕೋಣೆಯಲ್ಲಿ ಬಡಗಿ ಬಂದು ಒಂದು ಮೇಜಿನ ಕಾಲು ಕೊಯ್ದು ಗಾಲಿಕುರ್ಚಿಯ ಎತ್ತರಕ್ಕೆ ತಂದಿದ್ದ. ಬಿಳಿ ಕಪ್ಪುಗಳು, ಪ್ರತಿ ಕಪ್ಪಿನ ಹಿಂದೆ ಒಣ ಚಹಾದ ಡಬ್ಬಿ. ಕೆಟ್ಲುಗಳ ಹಬೆ, ಪಿಂಗಾಣಿಯ ಸದ್ದು. ಗಾಲಿಕುರ್ಚಿಯ ಎದೆಪಟ್ಟಿ ಬಿಗಿದು ಕೂತ ಟೇಸ್ಟರ್ ಮೊದಲ ಕಪ್ಪಿಗೆ ಚಮಚ ಅದ್ದಿದರು. ಸೊರ್ರ್. ಉಗುಳಿದರು. ಎರಡನೆಯದು. ಮೂರನೆಯ ಕಪ್ಪಿನ ಚಹಾ ಬಾಯಿಗೆ ಹೋಯಿತು. ಚಮಚ ಠಣ್ ಎಂದು ಮೇಜಿನ ಮೇಲೆ ಬಿತ್ತು.

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಓಡಿ ಬಂದರು. ಒಬ್ಬ ಚಮಚ ಎತ್ತಿದ, ಒಬ್ಬ ಬಟ್ಟೆ ತಂದ, ಇನ್ನೊಬ್ಬ ಫ್ಯಾನು ಜೋರು ಮಾಡಿದ. ಟೇಸ್ಟರ್ ಯಾರ ಮುಖವನ್ನೂ ನೋಡಲಿಲ್ಲ. ಚೇಚ್ಚಿ ಚಮಚವನ್ನು ಬೆರಳಿನ ನಡುವೆ ಇಟ್ಟು ಕೊಟ್ಟರು. ಮೊದಲಿನಿಂದ ಶುರುಮಾಡಿದರೂ ಮೂರನೆಯದಕ್ಕೆ ಮತ್ತೆ ಬಿತ್ತು. ಮರುದಿನವೂ ಅದೇ.

ನನ್ನ ಮೊದಲ ಅನುಮಾನ ಬೆವರಿನ ಮೇಲೆ. ಕೊಚ್ಚಿಯ ಸೆಖೆಗೆ ಟೇಪು ಸಡಿಲವಾಗಿ ಎದೆಯ ಸುರುಳಿ ಜಾರುತ್ತಿರಬಹುದು. ಟೇಪು ಬದಲಾಯಿಸಿದೆ, ಸುತ್ತ ಪಟ್ಟಿ ಬಿಗಿದೆ. ಚಮಚ ಬಿತ್ತು. ಎರಡನೆಯ ಅನುಮಾನ ಬಂದಾಗ ನನಗೆ ಖುಷಿಯೇ ಆಯಿತು ಅನ್ನಬೇಕು. ಅದು ಎಂಜಿನಿಯರಿಗೆ ಒಪ್ಪುವಂಥ ಅನುಮಾನ. ಪಕ್ಕದಲ್ಲೇ ನೌಕಾಪಡೆ, ಬಂದರು, ಹಡಗುಗಳ ವೈರ್‌ಲೆಸ್ಸು. ನಮ್ಮ ಸುರುಳಿಯೂ ರೇಡಿಯೋದ್ದೇ. ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪನ್ನು ತಿರುವನಂತಪುರದಿಂದ ತರಿಸಿದೆ. ರೈಲಿನಲ್ಲಿ ಬಂದ ಅದನ್ನು ಎರ್ನಾಕುಳಂ ಜೆಟ್ಟಿಯಿಂದ ಬೋಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ದ್ವೀಪಕ್ಕೆ ಸಾಗಿಸಿದೆ. ಪಕ್ಕದ ಸೀಟಿನ ಅಮ್ಮ “ಟಿವಿಯಾ ಮೋಳೇ? ಬಣ್ಣದ್ದಾ?” ಎಂದು ಕೇಳಿದರು. ಹೌದು, ಹಸಿರು ಬಣ್ಣದ್ದು ಎಂದೆ.

ಟೇಸ್ಟಿಂಗ್ ಕೋಣೆಯ ಮೂಲೆಮೂಲೆಗೆ ಸುರುಳಿ ಹಿಡಿದು ಅಳೆದೆ. ಹಡಗು ಬಂದಾಗ, ಹೋದಾಗ, ಕ್ರೇನು ತಿರುಗಿದಾಗ. ಪರದೆಯ ಮೇಲೆ ತೆಳುವಾದ ಗೆರೆ ಬಿಟ್ಟರೆ ಬೇರೇನೂ ಇಲ್ಲ.

“ನೇವಿಯವರು ನಿನ್ನನ್ನು ಬೇಹುಗಾರ್ತಿ ಅಂತ ಹಿಡ್ಕೊಂಡು ಹೋಗ್ತಾರೆ ನೋಡ್ತಿರು,” ಎಂದರು ಥೆರಪಿಸ್ಟ್.

“ಹಿಡೀಲಿ ಮಾರಾಯ್ತಿ. ಅವರ ಹತ್ರ ಒಳ್ಳೆ ಸ್ಕೋಪು ಇರ್ಬಹುದು.”

ಆಮೇಲೆ ‘ಪೀ’ ಸದ್ದಿನ ನೆನಪಾಯಿತು. ಹೊರಗಿನ ರೇಡಿಯೋ ಅಡ್ಡಿ ಮಾಡಿದರೆ ಕರೆಂಟು ನಿಲ್ಲುತ್ತದೆ, ಪೆಟ್ಟಿಗೆ ‘ಪೀ’ ಎನ್ನುವುದಿಲ್ಲ. ಬೀಗ ತೆರೆದರೆ ಮಾತ್ರ ಎನ್ನುತ್ತದೆ. ಕೋಣೆಯ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳಿರಲಿಲ್ಲ. ಸೊಂಟದ ಪೆಟ್ಟಿಗೆಗೆ ಒಂದು ಪುಟ್ಟ ಇಯರ್‌ಫೋನು ಬೆಸೆದು ನನ್ನ ಕಿವಿಗೆ ಇಟ್ಟುಕೊಂಡೆ. ಮೊದಲ ಕಪ್ಪು, ಎರಡನೆಯದು, ಮೂರನೆಯದು. ಪೀ. ಚಮಚ ಬಿತ್ತು.

ಅಂದರೆ ಬೀಗ ತೆರೆದದ್ದು ಅವರದೇ ಭುಜ.

“ನಾನು ಭುಜ ಕುಣಿಸ್ಲಿಲ್ಲ,” ಎಂದರು ಟೇಸ್ಟರ್. “ಅಮ್ಮನಾಣೆ.”

ಸೊರ್ರೆಂದು ಹೀರುವಾಗ ಭುಜ ಏಳುತ್ತಿರಬಹುದೇ? ಆದರೆ ಹೀರುವುದು ಎಲ್ಲ ಕಪ್ಪಿಗೂ ಒಂದೇ. ಕಪ್ಪುಗಳ ಜಾಗ ಬದಲಾಯಿಸಿ ನೋಡೋಣ ಎಂದೆ. ಮೂರನೆಯದನ್ನು ಸಾಲಿನ ತುದಿಗೆ ಇಟ್ಟೆವು. ಟೇಸ್ಟರ್ ಯಾವ ತೊಂದರೆಯೂ ಇಲ್ಲದೆ ತುದಿಯ ತನಕ ಬಂದರು. ಅಲ್ಲಿ ಚಮಚ ಬಿತ್ತು. ಕೆಟ್ಲು ಹಿಡಿದಿದ್ದವ ಎರಡು ಹೆಜ್ಜೆ ಹಿಂದೆ ಸರಿದ.

ಹಿರಿಯ ಟೇಸ್ಟರ್ ಆ ಕಪ್ಪನ್ನು ನನ್ನ ಮುಂದೆ ನೂಕಿ, “ಕುಡಿದು ನೋಡಿ ಮೇಡಂ, ಶಾರ್ಟ್ ಸರ್ಕ್ಯೂಟ್ ಇದರೊಳಗೇ ಉಂಟೋ ಏನೋ,” ಎಂದರು ತಮಾಷೆಗೆ.

ಕುಡಿದೆ. ನನಗೆ ಚಹಾದ ಜ್ಞಾನವಿಲ್ಲ. ನಮ್ಮ ಮನೆಯಲ್ಲಿ ಚಹಾ ಅಂದರೆ ಬೆಲ್ಲದ ನೀರಿಗೆ ಬಣ್ಣ. ಇದು ಬಾಯಿ ತುಂಬಿ, ಕಿವಿಯ ಹಿಂದಿನ ತನಕ ಬೆಳಗಿದ ಹಾಗಾಯಿತು. ನನ್ನ ತಲೆ ತಾನಾಗಿ ಒಂದು ಬದಿಗೆ ವಾಲಿ, ಚುರುಕಾಗಿ ಇನ್ನೊಂದು ಬದಿಗೆ ಆಡಿತು. ‘ಭೇಷ್’ ಎನ್ನಲು ಬಾಯಿ ಖಾಲಿ ಇಲ್ಲದಾಗ ನಮ್ಮ ಕಡೆಯವರು ಆಡಿಸುತ್ತಾರಲ್ಲ, ಹಾಗೆ. ತಲೆಯ ಜೊತೆ ನನ್ನ ಎಡಭುಜವೂ ಚಟಕ್ಕನೆ ಮೇಲೆದ್ದು ಇಳಿಯಿತು.

ಕಪ್ಪನ್ನು ಕೆಳಗಿಟ್ಟೆ. “ಚೇಟ್ಟಾ, ಈ ಚಹಾ ಹೇಗುಂಟು?”

“ಕೊಳ್ಳಾಂ!” ಎಂದರು ಅವರು. ಪರವಾಗಿಲ್ಲ ಎನ್ನುವ ಆ ಪದದಲ್ಲಿ ಮಲಯಾಳಿಗಳು ಎಂಥ ಹೊಗಳಿಕೆಯನ್ನೂ ಮುಗಿಸಿಬಿಡುತ್ತಾರೆ. ಹೇಳುತ್ತ ತಲೆ ಆಡಿಸಿದರು. ಕಿವಿಯಲ್ಲಿ ‘ಪೀ’ ಎಂದಿತು.

ನಾನು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಗೋಡೆ ಹಿಡಿದುಕೊಂಡೆ. ತಿರುವನಂತಪುರದಲ್ಲಿ ಯಾಕೆ ಬೀಳಲಿಲ್ಲ ಎಂದರೆ, ಅಲ್ಲಿ ತಲೆ ಆಡಿಸುವಂಥ ಚಹಾವನ್ನು ಅವರಿಗೆ ಯಾರೂ ಒಂದು ದಿನವೂ ಕೊಟ್ಟಿರಲಿಲ್ಲ. ಹೊರದೇಶದಲ್ಲಿ ಸಾಧನ ಮಾಡಿದವರು ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುವವರು. ಅವರ ಭುಜ ಏಳುವುದಿಲ್ಲ. ನಾವೋ, ಹುಟ್ಟಿದಾರಭ್ಯ ತಲೆಯನ್ನು ಅಡ್ಡಕ್ಕೆ ಆಡಿಸುತ್ತ ಬಂದ ನಾವು, ಅವರ ಕೈಪಿಡಿಯಂತೆ ಬೀಗಕ್ಕೆ ಭುಜದ ಕುಣಿತವನ್ನೇ ಇಟ್ಟಿದ್ದೆವು.

ಸರ್ಜನರಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅವರೂ ನಕ್ಕರು. ಆಮೇಲೆ, “ತಲೆ ಆಡಿಸಬೇಡಿ ಅಂತ ಹೇಳು. ಕಾಲರ್ ಹಾಕು. ಕೆಲವು ದಿನದಲ್ಲಿ ಅಭ್ಯಾಸ ಆಗುತ್ತದೆ,” ಎಂದರು. ಹಿರಿಯ ಟೇಸ್ಟರಿಗೂ ಅದೇ ಸರಿ ಕಂಡಿತು. “ಟೇಸ್ಟರನ ಮುಖ ಕಲ್ಲಿನ ಹಾಗಿರಬೇಕು. ಇವನದ್ದು ಮೊದಲಿಂದಲೂ ಸಿನಿಮಾ ಪೋಸ್ಟರ್. ಕೊಳ್ಳುವವರು ಇವನ ತಲೆ ನೋಡಿಯೇ ಬೆಲೆ ಕಟ್ಟುತ್ತಿದ್ದರು.”

ಕುತ್ತಿಗೆಗೆ, ತಲೆ ಅಲ್ಲಾಡದಂತೆ ಬಿಗಿಯುವ ಕಾಲರ್ ಬಂತು. ಚಮಚ ಬೀಳುವುದು ನಿಂತಿತು. ಆದರೆ ಇನ್ನೊಂದು ಕೆಡುಕು ಶುರುವಾಯಿತು. ಟೇಸ್ಟರ್ ಎಲ್ಲ ಚಹಾಕ್ಕೂ ನಡುಮಧ್ಯದ ಬೆಲೆ ಹೇಳತೊಡಗಿದರು. ಒಳ್ಳೆಯದು ಯಾವುದು, ಸಾಧಾರಣ ಯಾವುದು ಎಂದು ಅವರಿಗೇ ಖಾತ್ರಿಯಿಲ್ಲ. ಹಿರಿಯರು ತಕರಾರು ಮಾಡದೆ “ಸರಿ, ಸರಿ” ಎಂದು ಬೆನ್ನು ತಟ್ಟಿ ಹೋದರು. ಆ ‘ಸರಿ’ ಕೇಳಿ ಟೇಸ್ಟರರ ಮುಖ ಕಪ್ಪಿಟ್ಟಿತು.

ಸಂಜೆ ಮಟ್ಟಾಂಚೇರಿಯ ಅವರ ಮನೆಗೆ ಹೋದೆವು. ಒಣಶುಂಠಿಯ ಗೋದಾಮಿನ ಹಿಂದಿನ ಮನೆ. ಗೋಡೆಗೂ ಶುಂಠಿಯ ಘಾಟು. ಚೇಚ್ಚಿ ಕಾಲರ್ ಬಿಚ್ಚಿದರು.

“ಚಹಾ ಬಾಯಿಗೆ ಬರ್ತದೆ ಮೋಳೇ, ನನ್ನ ಹತ್ರ ಬರೂದಿಲ್ಲ,” ಎಂದರು ಟೇಸ್ಟರ್. “ಕುತ್ತಿಗೆ ಬಿಗಿಹಿಡಿದು ಕೂತ್ರೆ ನಾನು ಕುತ್ತಿಗೆಯನ್ನೇ ಕಾಯ್ತಾ ಇರ್ತೇನೆ. ಚಹಾವನ್ನು ಯಾರು ಕಾಯೂದು?”

ಥೆರಪಿಸ್ಟ್ ನನ್ನನ್ನು ನೋಡಿದರು. ಒಂದು ದಾರಿ ಇದೆಯೆಂದು ನನಗೆ ಗೊತ್ತಿತ್ತು, ಹೇಳಲು ಹೆದರಿಕೆ. ಸೆನ್ಸರ್ ಹಿಂದೆ-ಮುಂದೆ, ಮೇಲೆ-ಕೆಳಗೆ ಎಂದು ಎರಡು ದಿಕ್ಕಿನ ಚಲನೆ ಓದುತ್ತದೆ. ಎರಡರ ಕೆಲಸವನ್ನೂ ಅದಲು ಬದಲು ಮಾಡಬಹುದು. ಭುಜವನ್ನು ನಿಧಾನವಾಗಿ ಎತ್ತಿದರೆ ಕೈ ಮುಚ್ಚುವುದು, ಇಳಿಸಿದರೆ ತೆರೆಯುವುದು. ಬೀಗ ಹಾಕಲೂ ತೆರೆಯಲೂ, ಭುಜವನ್ನು ಹಿಂದಕ್ಕೆ ಒಂದು ಕೊಸರು. ಬೀಗ ಬಿದ್ದ ಮೇಲೆ ತಲೆ ಆಡಿಸಿ ಭುಜ ಎಷ್ಟು ಎದ್ದರೂ ಸಾಧನಕ್ಕೆ ಅದರ ಗೊಡವೆಯಿಲ್ಲ. ಆದರೆ ತಿಂಗಳುಗಟ್ಟಲೆ ಕಲಿತದ್ದನ್ನು ಪೂರ್ತಿ ಮರೆಯಬೇಕು. ವಾರದಲ್ಲಿ ಉಳಿದಿದ್ದ ದಿನಗಳು ಬೆರಳಲ್ಲಿ ಎಣಿಸುವಷ್ಟು. ಕಲಿಯದೆ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ, ಕೆಲಸವೂ ಇಲ್ಲ. ಕಾಲರ್ ಹಾಕಿಕೊಂಡರೆ ಸಾಧಾರಣ ಟೇಸ್ಟರ್ ಆಗಿಯಾದರೂ ಉಳಿಯಬಹುದು.

ಎಲ್ಲವನ್ನೂ ಹೇಳಿದೆ. ಟೇಸ್ಟರ್ ಬಿಚ್ಚಿಟ್ಟ ಕಾಲರಿನ ಕಡೆ ನೋಡಿದರು.

“ತಲೆ ನನ್ನದು, ಸೆನ್ಸರ್ ನಿಂದು. ಬದಲಾಯಿಸ್ಲಿಕ್ಕೆ ಯಾವುದು ಸುಲಭ?”

“ಸೆನ್ಸರೇ.”

“ಮತ್ತೆ ಎಂತ ಕೂತದ್ದು?”

ಸರ್ಜನರನ್ನು ಒಪ್ಪಿಸಲು ಬೂತಿನಲ್ಲಿ ನಾನು ಬಹಳ ಹೊತ್ತು ನಿಲ್ಲಬೇಕಾಯಿತು. “ಸಾಧನ ಮಾಡಿದವರು ಕೈಪಿಡಿಯಲ್ಲಿ ಹೀಗೆ ಬರೆದಿಲ್ಲವಲ್ಲ,” ಎಂದರು. “ಕೈಪಿಡಿ ಬರೆದವರು ಕೊಚ್ಚಿಯ ಚಹಾ ಕುಡಿದಿಲ್ಲ ಸರ್,” ಎಂದೆ. ಅಷ್ಟು ಧೈರ್ಯ ನನಗೆಲ್ಲಿಂದ ಬಂತೋ. ಕೊನೆಗೆ ಅವರು, “ಮಾಡು. ಆದರೆ ಆ ಕೈ ನನ್ನದೂ ಹೌದು, ನೆನಪಿರಲಿ,” ಎಂದರು.

ಲ್ಯಾಪ್‌ಟಾಪಿನಲ್ಲಿ ದಿಕ್ಕು ಬದಲಾಯಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಷ್ಟವಾದದ್ದು ಆಮೇಲೆ. ಮುಚ್ಚಬೇಕಾದಾಗ ಕೈ ತೆರೆಯಿತು, ತೆರೆಯಬೇಕಾದಾಗ ಚಮಚವನ್ನು ಕಚ್ಚಿ ಹಿಡಿಯಿತು. ಹಿಂದಕ್ಕೆ ಕೊಸರುವುದಂತೂ ಬರಲೇ ಇಲ್ಲ. ಥೆರಪಿಸ್ಟ್ ವಿವರಿಸಿದರು, ತಾವೇ ಮಾಡಿ ತೋರಿಸಿದರು, ಬೆನ್ನಿನ ಸ್ನಾಯುವನ್ನು ಬೆರಳಿನಿಂದ ಒತ್ತಿ ತೋರಿಸಿದರು. ಟೇಸ್ಟರ್ ಬೆವರಿ ಸುಸ್ತಾದರು. ಚೇಚ್ಚಿ ಹಿಂದಿನಿಂದ ಬಂದು ಅವರ ಭುಜದ ಮೇಲೆ ಕೈಯಿಟ್ಟು, “ಸಾಕು, ಗಂಜಿ ಕುಡಿದು ಮಲಗಿ,” ಎಂದರು.

“ಬಿಡು ನೀನು!” ಎಂದು ಅವರು ಸಿಡುಕಿ ಭುಜ ಕೊಸರಿದರು. ಪೀ.

ನಾವೆಲ್ಲ ಪರಸ್ಪರ ಮುಖ ನೋಡಿಕೊಂಡೆವು. ಚೇಚ್ಚಿಗೆ ಮಾತ್ರ ಆಶ್ಚರ್ಯವಾದಂತಿರಲಿಲ್ಲ. “ಇದಾ ನಿಮಗೆ ಬೇಕಾದ್ದು? ಇದಕ್ಕೆ ಟ್ರೈನಿಂಗ್ ಎಂತಕ್ಕೆ? ಮದುವೆಯಾದಲ್ಲಿಂದ ದಿನಾ ಮಾಡ್ತಾರೆ.”

ಅಲ್ಲಿಂದ ಪಾಠ ಬೇರೆಯಾಯಿತು. ಟೇಸ್ಟರ್ ಅಭ್ಯಾಸ ಮಾಡುವುದು, ಬೀಗ ಬೇಕಾದಾಗ ಚೇಚ್ಚಿ ಭುಜ ಮುಟ್ಟುವುದು, ಅವರು ಕೊಸರುವುದು. ಆಮೇಲೆ ಮುಟ್ಟುವ ಹಾಗೆ ಬರೀ ಕೈ ಚಾಚುವುದು. ಆಮೇಲೆ ಅಡುಗೆಮನೆಯಿಂದಲೇ, “ಮುಟ್ಟಿದೆ ಅಂತ ತಿಳ್ಕೊಳ್ಳಿ!” ಎಂದು ಕೂಗುವುದು. ಕೊನೆಗೆ ಅದೂ ಬೇಡವಾಯಿತು.

ವಾರದ ಕೊನೆಯ ದಿನ ಬಾಡಿಗೆಯ ಅಂಬಾಸಿಡರಿನಲ್ಲಿ ಸೇತುವೆ ದಾಟಿ ದ್ವೀಪಕ್ಕೆ ಹೋದೆವು. ಹರಾಜಿನ ಸಾಲು ತಯಾರಾಗಿತ್ತು. ಮೇಜಿನ ಆ ಬದಿಗೆ ಹಿರಿಯ ಟೇಸ್ಟರ್ ಕೈಕಟ್ಟಿ ನಿಂತರು. ಕಾಲರ್ ಇಲ್ಲದ್ದನ್ನು ನೋಡಿದರು, ಕೇಳಲಿಲ್ಲ.

ಟೇಸ್ಟರ್ ಭುಜ ಎತ್ತಿದರು, ಹೆಬ್ಬೆರಳು ಚಮಚದ ಹಿಡಿಯನ್ನು ಒತ್ತಿತು. ಕೊಸರಿದರು, ಬೀಗ ಬಿತ್ತು. ಅದ್ದಿ, ಹೀರಿ, ಉಗುಳಿ ಮುಂದಕ್ಕೆ. ಚೇಚ್ಚಿ ಕುರ್ಚಿಯನ್ನು ಇಂಚಿಂಚಾಗಿ ತಳ್ಳುತ್ತಿದ್ದರು. ಬೆಲೆ ಹೇಳಿದ ಹಾಗೆ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಸಾಲಿನ ನಡುವೆ ಎಲ್ಲೋ ಒಂದು ಕಪ್ಪಿನ ಚಹಾ ಬಾಯಿಗೆ ಹೋದಾಗ ಅವರ ಹುಬ್ಬು ಏರಿತು. ನಾನು ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ. ತಲೆ ಬದಿಗೆ ವಾಲಿತು, ಮನಸಾರೆ ಆಡಿತು, ಭುಜ ಹಾರಿತು. ಕಿವಿಯಲ್ಲಿ ಏನೂ ಸದ್ದಿಲ್ಲ. ಚಮಚ ಹಿಡಿದಲ್ಲೇ ಇತ್ತು.

ಅವರು ಬೆಲೆ ಹೇಳಿದರು.

“ಅಷ್ಟೊಂದಾ?” ಎಂದರು ಹಿರಿಯರು. “ನಾನೂ ಬೆಳಿಗ್ಗೆ ಕುಡಿದಿದ್ದೇನೆ. ಬಣ್ಣ ಉಂಟು, ಒಳಗೆ ಸತ್ವ ಇಲ್ಲ.”

“ಸತ್ವ ಇಲ್ವಾ? ನೀವು ಬೆಳಿಗ್ಗೆ ಬೀಡಿ ಸೇದಿದ ಮೇಲೆ ಕುಡಿದದ್ದು.”

“ಯಾರು ಬೀಡಿ ಸೇದಿದ್ದು? ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಎಷ್ಟು ದಿನ ಆಯ್ತು ನೀನು ಸಾಲಿನಲ್ಲಿ ನಿಲ್ಲದೆ? ನಾಲಗೆಗೆ ತುಕ್ಕು ಹಿಡಿದಿದೆ.”

“ನನ್ನ ಕಾಲಿಗೆ ತುಕ್ಕು ಹಿಡಿದದ್ದು, ನಾಲಗೆಗಲ್ಲ!”

ಹಿರಿಯರು ಹಿಂದೆ ಸರಿಯಲಿಲ್ಲ, ಬೆನ್ನು ತಟ್ಟಲಿಲ್ಲ. ಮೇಜಿಗೆ ಗುದ್ದಿ, “ಆ ಬೆಲೆಗೆ ಒಬ್ಬ ಕೈಯೆತ್ತಿದರೆ ನಾನು ಈ ಕೆಲಸ ಬಿಡುತ್ತೇನೆ!” ಎಂದು ಕೂಗಿದರು. ಟೇಸ್ಟರ್ ಸಿಟ್ಟಿನಿಂದ ಭುಜ ಕೊಸರಿದರು. ನನ್ನ ಕಿವಿಯಲ್ಲಿ ‘ಪೀ’ ಎಂದಿತು. ಚಮಚ ಜಾರಿ ಕಪ್ಪಿನೊಳಗೆ ಬಿತ್ತು.

ಕೆಟ್ಲಿನವ ಎಂದಿನಂತೆ ಓಡಿ ಬರಲು ಒಂದು ಹೆಜ್ಜೆ ಇಟ್ಟ. ಚೇಚ್ಚಿ ಅವನ ಅಂಗಿ ಹಿಡಿದು ನಿಲ್ಲಿಸಿದರು.

ಟೇಸ್ಟರ್ ಜಗಳ ನಿಲ್ಲಿಸಲಿಲ್ಲ. ಮಾತಾಡುತ್ತಲೇ ಭುಜ ಇಳಿಸಿ ಕೈ ತೆರೆದರು, ಕಪ್ಪಿನ ಅಂಚಿಗೆ ಒರಗಿದ್ದ ಚಮಚದ ಹಿಡಿಯ ಎರಡೂ ಕಡೆಗೆ ಬೆರಳು ಇಳಿಸಿದರು, ಭುಜ ಎತ್ತಿದರು, ಬೀಗ ಹಾಕಿದರು. ಹಿರಿಯರು ಅದನ್ನು ನೋಡಲೂ ಇಲ್ಲ, ಅವರು ಗುಮಾಸ್ತನ ಕಡೆಗೆ ತಿರುಗಿ, “ಬರಿ, ಇವನ ಬೆಲೆಯನ್ನೇ ಬರಿ. ಹರಾಜಿನ ದಿನ ಇವನೇ ಉತ್ತರ ಕೊಡಲಿ,” ಎನ್ನುತ್ತಿದ್ದರು.

“ಕೊಡ್ತೇನೆ,” ಎಂದರು ಟೇಸ್ಟರ್, ಮುಂದಿನ ಕಪ್ಪಿಗೆ ಚಮಚ ಅದ್ದುತ್ತ.